ಒಂದು ದಿನ, ಒಂದು ಕಾರು, ನಾಲ್ಕು ಸರ್ಕಾರ: ಕುಂದಗೋಳದಿಂದ ಬಂಕಾಪುರದವರೆಗೆ

ಫೋನ್ ಕೈಯಾಗ ಐತಲ್ಲ, ಒಂದು ನಿಮಿಷ ಮ್ಯಾಪ್ ತೆಗೀರಿ. ಹುಬ್ಬಳ್ಳಿ, ಕುಂದಗೋಳ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರ. ಈ ಐದು ಊರಿಗೆ ಪಿನ್ ಹಾಕಿ, ಮತ್ತೆ ಹೈವೇ ಹಿಡಿದು ಹುಬ್ಬಳ್ಳಿಗೆ ಬನ್ನಿ. ಹೆಚ್ಚೂಕಡಿಮೆ ನೂರೈವತ್ತು ಕಿಲೋಮೀಟರಿನ ಒಂದು ಸುತ್ತು. ಮುಂಜಾನೆ ಉಪ್ಪಿಟ್ಟು ತಿಂದು ಹೊರಟರೆ ಸಂಜೆ ಗಿರಮಿಟ್ಟು, ಮಿರ್ಚಿಗೆ ವಾಪಸ್ ಬರಬಹುದು.

ಈಗ ಇದೇ ಸುತ್ತನ್ನು 1947ರ ಬೇಸಿಗೆಯಲ್ಲಿ ಹೊಡೆದಿದ್ದರೆ ಏನಾಗುತ್ತಿತ್ತು? ಹುಬ್ಬಳ್ಳಿಯಲ್ಲಿ ನೀವು ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ ಇರುತ್ತಿದ್ದಿರಿ. ಕುಂದಗೋಳ ಮುಟ್ಟುವ ಹೊತ್ತಿಗೆ ಜಮಖಂಡಿ ರಾಜರ ಸೀಮೆ. ಲಕ್ಷ್ಮೇಶ್ವರದಲ್ಲಿ ಮಿರಜ್ ರಾಜರದು. ಸವಣೂರಿನಲ್ಲಿ ನವಾಬರದು. ಬಂಕಾಪುರಕ್ಕೆ ಬಂದರೆ ಮತ್ತೆ ಬ್ರಿಟಿಷರು. ಐದು ಊರು, ನಾಲ್ಕು ಸರ್ಕಾರ. ಎಲ್ಲಾ ಊರಾಗೂ ಮಂದಿ ಮಾತಾಡುತ್ತಿದ್ದದ್ದು ಮಾತ್ರ ಇದೇ ನಮ್ಮ ಕನ್ನಡ.

ಮೈಸೂರು ಅಂದರೆ ಅರಮನೆ, ಅರಮನೆ ಅಂದರೆ ಉದ್ಯಾನ, ಲೈಟು, ಆನೆ. ನಮ್ಮ ಕಡೆ ಅಂಥದ್ದು ಏನೂ ಇಲ್ಲ ಅಂತ ನಾವೇ ಅಂದುಕೊಂಡಿರ್ತೀವಿ. ಹಂಗಾದ್ರ ಇಲ್ಲಿ ಆಳಿದ ಇಷ್ಟೊಂದು ದೊರೆಗಳು ಏನು ಬಿಟ್ಟು ಹೋದರು? ಅದರಲ್ಲಿ ಏನು ಉಳಿದೈತಿ, ಯಾಕೆ ಉಳಿದೈತಿ? ಇವತ್ತಿನ ಎಪಿಸೋಡ್ ಅಷ್ಟೇ ಪ್ರಶ್ನೆಯದು.

ಕಾರು ನಮ್ಮ ಕಾಕಾಂದು. ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಈ ರಸ್ತೆಯ ಒಂದೊಂದು ಹಂಪೂ ಅವರಿಗೆ ಗೊತ್ತು. ಅಕ್ಟೋಬರ್ ತಿಂಗಳು, ಮಳೆ ನಿಂತು ಹೊಲದಲ್ಲಿ ಮೆಣಸಿನಗಿಡ, ಹತ್ತಿ. ಕೆಲವು ಕಡೆ ಎರಿ ಹೊಲ ಹರಗಿ ಹಿಂಗಾರಿ ಜೋಳ, ಕಡಲೆ ಬಿತ್ತೋಕೆ ತಯಾರಿ.

ಅದರಗುಂಚಿ ದಾಟಿ

ಹುಬ್ಬಳ್ಳಿ ಬಿಟ್ಟು ಸ್ವಲ್ಪ ಹೊತ್ತಿಗೆ ಅದರಗುಂಚಿ. ಇಲ್ಲಿ ನಿಲ್ಲದೇ ಹೋಗೋದು ಸರಿಯಲ್ಲ. 1953ರಲ್ಲಿ ಕರ್ನಾಟಕ ಏಕೀಕರಣಕ್ಕಾಗಿ ಇದೇ ಊರಿನ ಶಂಕರಗೌಡ ಪಾಟೀಲರು ಮೂರು ವಾರಕ್ಕೂ ಹೆಚ್ಚು ಉಪವಾಸ ಕೂತರು. ಆ ಉಪವಾಸದ ಹೊತ್ತಿನಲ್ಲೇ, ಏಪ್ರಿಲ್‌ನಲ್ಲಿ, ಹುಬ್ಬಳ್ಳಿಯಲ್ಲಿ ಜನ ಸಿಟ್ಟಿಗೆದ್ದು ದೊಡ್ಡ ಗಲಾಟೆಯೇ ಆಯಿತು. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ಮಾಡಿತು. 1956ರ ನವೆಂಬರ್ 1ಕ್ಕೆ ಕನ್ನಡದ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಬಂದವು.

ಶಾಲೆಯಲ್ಲಿ ಏಕೀಕರಣ ಅಂದರೆ ನಮಗೆ ಐದು ದೊಡ್ಡ ತುಂಡುಗಳ ಚಿತ್ರ: ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು. ಅದು ಸುಳ್ಳಲ್ಲ. ಆದರೆ ಮುಂಬೈ ಕರ್ನಾಟಕ ಅಂತ ಕರೆಯುವ ಆ ಒಂದು ತುಂಡಿನ ಒಳಗೇ ಎಷ್ಟು ಚೂರು ಇದ್ದವು ಅನ್ನೋದು ಈ ರಸ್ತೆಯಲ್ಲಿ ಹೋದರೆ ಗೊತ್ತಾಗುತ್ತದೆ. ಧಾರವಾಡ ಜಿಲ್ಲೆಯ ಹಳೇ ನಕ್ಷೆ ಇಲಿ ಕಡಿದ ಕೌದಿಯ ಹಾಗೆ. ನಡುನಡುವೆ ಬೇರೆ ಬಣ್ಣ. ಜಮಖಂಡಿ, ಮಿರಜ್, ಸಾಂಗಲಿ, ಸವಣೂರು. ಅಕ್ಕಪಕ್ಕದ ಎರಡು ಹಳ್ಳಿಯ ರೈತರು ಎರಡು ಬೇರೆ ಬೇರೆ ಖಜಾನೆಗೆ ಕಂದಾಯ ಕಟ್ಟುತ್ತಿದ್ದರು. ತಂಟೆ ತಕರಾರು ಬಂದರೆ ಬೇರೆ ಬೇರೆ ಕಚೇರಿ.

ಸಂಬಳದ ಬದಲು ಊರು

ಹೀಗ್ಯಾಕೆ ಅಂತ ನಾನು ಓದುತ್ತಾ ಹೋದಾಗ, ನನ್ನ ಬಿ.ಕಾಂ. ಒಂದಿಷ್ಟು ಉಪಯೋಗಕ್ಕೆ ಬಂತು. ಇದು ಯುದ್ಧದ ಕಥೆ ಎಷ್ಟೋ, ಲೆಕ್ಕಪತ್ರದ ಕಥೆಯೂ ಅಷ್ಟೇ.

ಶುರು ಬಂಕಾಪುರದಿಂದ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಬಿಜಾಪುರದ ಸೇವೆಯಲ್ಲಿದ್ದ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನ್ ಮೊಘಲರ ಕಡೆ ಬಂದ. ಅವನಿಗೆ ಬಂಕಾಪುರ, ತೊರಗಲ್ ಸೀಮೆಗಳ ಜಹಗೀರು ಸಿಕ್ಕಿತು. ಮುಂದೆ ಅವನು ಬಂಕಾಪುರ ಬಿಟ್ಟು ಸವಣೂರಿನಲ್ಲಿ ನೆಲೆ ನಿಂತ. ಒಂದು ಕಾಲಕ್ಕೆ ಹುಬ್ಬಳ್ಳಿ ಸೇರಿದಂತೆ ಈ ಸುತ್ತಿನ ಬಹುಪಾಲು ನೆಲ ಸವಣೂರು ನವಾಬರದೇ. 1756ರಲ್ಲಿ ಪೇಶ್ವೆ, ನಿಜಾಮ, ಜೊತೆಗೆ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿ, ಎಲ್ಲಾ ಸೇರಿ ಸವಣೂರಿಗೆ ಮುತ್ತಿಗೆ ಹಾಕಿದರು. ನವಾಬ ಸೋತು ಹುಬ್ಬಳ್ಳಿಯೂ ಸೇರಿ ದೊಡ್ಡ ಭೂಭಾಗವನ್ನು ಮರಾಠರಿಗೆ ಬಿಟ್ಟುಕೊಟ್ಟ.

ಸ್ವಲ್ಪ ವರ್ಷಕ್ಕೆ ದಕ್ಷಿಣದಿಂದ ಹೈದರ್ ಅಲಿ ಮೇಲೆ ಬಂದ. ಅವನನ್ನು ತಡೆಯೋಕೆ ಪೇಶ್ವೆ ಮಾಧವರಾಯನಿಗೆ ಈ ಗಡಿಯಲ್ಲಿ ಕುದುರೆ ಸೇನೆ ಬೇಕಿತ್ತು. ಸೇನೆ ಇಟ್ಟುಕೊಳ್ಳೋ ಸರದಾರರಿಗೆ ನಗದು ಸಂಬಳ ಕೊಡುವಷ್ಟು ರೊಕ್ಕ ಪುಣೆಯಲ್ಲಿ ಇರಲಿಲ್ಲ. ಅದಕ್ಕೆ ಸರಂಜಾಮು. ಅಂದರೆ, ಇಂತಿಷ್ಟು ಕುದುರೆ ನೀನು ಸಾಕು, ಅದರ ಖರ್ಚಿಗೆ ಇಂತಿಂಥ ಊರುಗಳ ಕಂದಾಯ ನೀನೇ ತಗೋ. 1760ರ ದಶಕದಲ್ಲಿ ಇಂಥ ದೊಡ್ಡ ಸರಂಜಾಮು ಪಡೆದವರು ಮಿರಜಿನ ಪಟವರ್ಧನರು. ಊರುಗಳನ್ನು ಹಂಚುವಾಗ ಅವು ಒಂದಕ್ಕೊಂದು ಹತ್ತಿ ಇರಬೇಕು ಅನ್ನೋ ನಿಯಮವೇನೂ ಇರಲಿಲ್ಲ. ಲೆಕ್ಕ ಹೊಂದಿದರೆ ಸಾಕು.

ಆಮೇಲೆ ಮನೆ ಒಡೆಯಿತು. ಪಾರ್ಟ್‌ನರ್‌ಶಿಪ್ ಒಡೆದಾಗ ಅಂಗಡಿ ಒಬ್ಬನಿಗೆ, ಗೋದಾಮು ಇನ್ನೊಬ್ಬನಿಗೆ ಆಗುತ್ತಲ್ಲ, ಹಂಗ. ಸಾಂಗಲಿ ಶಾಖೆ ಬೇರೆಯಾಯಿತು. 1811ರಲ್ಲಿ ಜಮಖಂಡಿ ಬೇರೆಯಾಯಿತು. ಮಿರಜ್ ಮುಂದೆ ಮತ್ತೂ ಒಡೆಯಿತು. ಕುಂದಗೋಳ ಜಮಖಂಡಿಯವರ ಪಾಲಿಗೆ, ಲಕ್ಷ್ಮೇಶ್ವರ ಮಿರಜಿನವರಿಗೆ, ಶಿರಹಟ್ಟಿ ಸಾಂಗಲಿಯವರಿಗೆ. 1818ರಲ್ಲಿ ಪೇಶ್ವೆ ಸೋತ ಮೇಲೆ ಬ್ರಿಟಿಷರು ಈ ಪಟವರ್ಧನರ ಜೊತೆ ಒಪ್ಪಂದ ಮಾಡಿಕೊಂಡರು. ಆ ಹೊತ್ತಿಗೆ ಯಾರ ಕೈಯಲ್ಲಿ ಯಾವ ಚೂರು ಇತ್ತೋ ಅದು ಅವರಿಗೇ ಗಟ್ಟಿ. ಹೈದರನೂ ಇಲ್ಲ, ಟಿಪ್ಪುವೂ ಇಲ್ಲ, ಕುದುರೆ ಸೇನೆಯ ಅಗತ್ಯವೂ ಇಲ್ಲ. ಆದರೂ ಆ ಸೇನೆಗೆ ಅಂತ ಹಂಚಿದ ನಕ್ಷೆ 1948ರವರೆಗೆ ಹಾಗೇ ನಿಂತಿತು.

ಜಮಖಂಡಿ ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ರಾಜ್ಯದ ಒಟ್ಟು ವಿಸ್ತೀರ್ಣ ಸುಮಾರು 524 ಚದರ ಮೈಲಿ. ಅದರ ಒಂದು ತುಂಡು ಮಾತ್ರ ಇಲ್ಲಿ, ಉಳಿದದ್ದು ಕೃಷ್ಣಾ ನದಿಯ ಕಡೆ. ರಾಜರ ಅರಮನೆ ಜಮಖಂಡಿಯ ರಾಮತೀರ್ಥ ಗುಡ್ಡದ ಮೇಲೆ.

ಕಾಕಾ ಗೇರ್ ಬದಲಿಸುತ್ತಾ ಇದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದರು: "ಅಂದ್ರ ತಮ್ಮಾ, ಕಂದಾಯ ಕಟ್ಟಾಂವ ಕುಂದಗೋಳದಾಗ, ತೋಟದಾಗ ಅಡ್ಡಾಡಾಂವ ಜಮಖಂಡ್ಯಾಗ."

ಲೆಕ್ಕ ಬರೆಯುವವರ ಮನೆ

ಕುಂದಗೋಳದಲ್ಲಿ ಅರಮನೆ ಇಲ್ಲ. ಶಂಭುಲಿಂಗನ ಗುಡಿ ಇದೆ. ಸುಮಾರು 11ನೇ ಶತಮಾನದ, ಚಾಲುಕ್ಯರ ಕಾಲದ ಕಲ್ಲಿನ ಗುಡಿ. ದೂರದ ರಾಜರಿಗಿಂತ ಏಳೆಂಟು ನೂರು ವರ್ಷ ಹಳೆಯದು. ಮತ್ತೆ ಒಂದು ವಾಡೆ ಇದೆ, ನಾಡಿಗೇರ ವಾಡೆ.

ನಾಡಿಗ ಅಂದರೆ ಒಂದು ನಾಡಿನ ಲೆಕ್ಕ ಬರೆಯುವವನು. ಊರಿಗೆ ಕುಲಕರ್ಣಿ ಇದ್ದ ಹಾಗೆ ಒಂದಿಷ್ಟು ಊರುಗಳ ಗುಂಪಿಗೆ ನಾಡಿಗ. ಮೇಲಿನ ದೊರೆ ಬದಲಾಗುತ್ತಿದ್ದ: ಬಿಜಾಪುರದವರು, ನವಾಬರು, ಪೇಶ್ವೆ, ಪಟವರ್ಧನರು. ಲೆಕ್ಕ ಬರೆಯುವ ಮನೆತನ ಮಾತ್ರ ಅದೇ, ಯಾಕೆಂದರೆ ಯಾವ ಹೊಲ ಯಾರದು, ಎಷ್ಟು ಬೆಳೆಯುತ್ತೆ ಅನ್ನೋದು ಅವರ ಕಡತದಲ್ಲಿತ್ತು. ಆ ಕೆಲಸಕ್ಕೆ ವಂಶಪಾರಂಪರ್ಯವಾಗಿ ವತನ ಜಮೀನು. ಉತ್ತರ ಕರ್ನಾಟಕದ ಬಹಳಷ್ಟು ವಾಡೆಗಳು ಇಂಥ ದೇಸಾಯಿ, ದೇಶಪಾಂಡೆ, ನಾಡಿಗೇರ ಮನೆತನಗಳವು. ದಪ್ಪ ಗೋಡೆ, ದೊಡ್ಡ ಬಾಗಿಲು, ನಡುವೆ ಅಂಗಳ, ಸುತ್ತ ಪಡಸಾಲೆ, ಕಟ್ಟಿಗೆಯ ಕಂಬ. ಅಂದರೆ ಇವು ಅಕೌಂಟೆಂಟರ ಅರಮನೆಗಳು. ಕಾಮರ್ಸ್ ಓದಿದ ನಮ್ಮಂಥವರಿಗೆ ಸ್ವಲ್ಪ ಹೆಮ್ಮೆ ಇರಲಿ ಬಿಡ್ರಿ.

ಈ ವಾಡೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಸಂಗೀತದಿಂದ. ಕಾರಣ ರೈಲು.

ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮಿರಜಿನಲ್ಲಿ ನೆಲೆಸಿದರು. ಮೈಸೂರಿನ ಆಸ್ಥಾನದಿಂದ ಅವರಿಗೆ ಕರೆ ಬರುತ್ತಿತ್ತು. ಮಿರಜಿನಿಂದ ಮೈಸೂರಿಗೆ ಹೋಗೋ ದಾರಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಕುಂದಗೋಳದ ಮೇಲೆ. ಖಾನ್ ಸಾಹೇಬರು ಬರುತ್ತಾ ಹೋಗುತ್ತಾ ಇಲ್ಲಿ ಇಳಿಯುತ್ತಿದ್ದರು, ನಾಡಿಗೇರ ವಾಡೆಯಲ್ಲಿ ಉಳಿಯುತ್ತಿದ್ದರು, ಹಾಡುತ್ತಿದ್ದರು. ಇದೇ ಊರಿನ ಗುಮಾಸ್ತ ಗಣೇಶ ಸಂಶಿ ಅವರ ಮಗ ರಾಮಚಂದ್ರ, 1886ರ ಜನವರಿ 19ರಂದು ಹುಟ್ಟಿದ ಹುಡುಗ, ಅವರ ಶಿಷ್ಯನಾದ. ಮುಂದೆ ಆ ಹುಡುಗ ಮರಾಠಿ ಸಂಗೀತ ನಾಟಕಗಳಲ್ಲಿ ಹೆಣ್ಣಿನ ಪಾತ್ರ ಮಾಡಿ ಹಾಡಿ ಹೆಸರು ಮಾಡಿದ. ಆಗ ಮರಾಠಿ ರಂಗದಲ್ಲಿ ಬಾಲಗಂಧರ್ವರು ಮೆರೆಯುತ್ತಿದ್ದ ಕಾಲ. ಅವರಿಗಿಂತ ಒಂದು ಕೈ ಮೇಲು ಅಂತ ಹೇಳೋಕೆ ಇವರಿಗೆ ಕೊಟ್ಟ ಬಿರುದು ಸವಾಯಿ ಗಂಧರ್ವ. ಸವಾಯಿ ಅಂದರೆ ಒಂದೂಕಾಲು. ನೂರಕ್ಕೆ ನೂರಾ ಇಪ್ಪತ್ತೈದು.

ನಾಟಕ ಬಿಟ್ಟು ಅವರು ಕುಂದಗೋಳಕ್ಕೆ ವಾಪಸ್ ಬಂದರು. 1930ರ ದಶಕದಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತಾ ಊರೂರು ಅಲೆದ ಗದಗದ ಹುಡುಗ ಭೀಮಸೇನ ಜೋಶಿ ಕೊನೆಗೆ ಬಂದು ನಿಂತದ್ದು ಇಲ್ಲಿ. ಗುರುವಿನ ಮನೆಗೆ ನೀರು ಹೊತ್ತು ಕಲಿತರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಬಂದು ಕಲಿತು ರೈಲಿನಲ್ಲೇ ಹಿಂದಿರುಗುತ್ತಿದ್ದರು. ಫಿರೋಜ್ ದಸ್ತೂರ್ ಎಂಬ ಪಾರ್ಸಿ ಗಾಯಕರೂ ಇದೇ ಗುರುವಿನ ಶಿಷ್ಯರು.

ಸ್ವಲ್ಪ ನಿಂತು ಯೋಚನೆ ಮಾಡಿ. ಮುಸ್ಲಿಂ ಉಸ್ತಾದ, ಬ್ರಾಹ್ಮಣ ಗುಮಾಸ್ತನ ಮಗ, ಪಾರ್ಸಿ ಶಿಷ್ಯ. ಮತ್ತೆ ಗಂಗೂಬಾಯಿ. ಹಾಡುವ ಹೆಣ್ಣುಮಕ್ಕಳ ಮನೆತನದಿಂದ ಬಂದ ಅವರನ್ನು ದಾರಿಯಲ್ಲಿ ಜನ "ಗಾನೇವಾಲಿ" ಅಂತ ಚುಡಾಯಿಸುತ್ತಿದ್ದ ಕಾಲ. ಹಾಗಂತ ನಾನು ಈ ವಾಡೆಗಳನ್ನು ಸ್ವರ್ಗ ಅಂತ ಹೇಳಲು ಹೊರಟಿಲ್ಲ. ಈ ಕಂಬ, ಈ ಅಂಗಳ ಎದ್ದದ್ದು ಎರಿ ಹೊಲದಲ್ಲಿ ದುಡಿದವರ ಬೆಳೆಯಿಂದ. ಹಾಗೆ ದುಡಿದವರಲ್ಲಿ ಎಷ್ಟೋ ಜನಕ್ಕೆ ವಾಡೆಗಳ ತಲೆಬಾಗಿಲಿನ ಒಳಗೆ ಕಾಲಿಡುವ ಹಕ್ಕು ಇರಲಿಲ್ಲ. ಇದೂ ನಿಜ, ಅದೂ ನಿಜ. ಆದರೆ ಇಡೀ ಸೀಮೆ ಚೂರುಚೂರಾಗಿದ್ದ ಕಾಲದಲ್ಲಿ, ಮೇಲುಕೀಳು ಗಟ್ಟಿಯಾಗಿದ್ದ ಕಾಲದಲ್ಲಿ, ಒಂದು ಅಂಗಳದಲ್ಲಿ ಇವರೆಲ್ಲ ಹಾಡಿದರು. ಅದು ಸಣ್ಣ ಮಾತಲ್ಲ.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾಯಿತು. ಅದು ಈಗ ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದು. ಕುಂದಗೋಳದಲ್ಲೂ ಅವರ ನೆನಪಿನ ಅಹೋರಾತ್ರಿ ಸಂಗೀತ ನಡೆಯುತ್ತದೆ, ವಾಡೆಯ ಆ ಅಂಗಳದಲ್ಲೇ. ಊರಲ್ಲಿ ಅವರ ಸ್ಮಾರಕ ಭವನವೂ ಇದೆ.

ವಾಡೆಗಳ ಆದಾಯ ನಿಂತಾಗ

ಇಲ್ಲಿ ಒಂದು ಕಾನೂನಿನ ವಿಷಯ. ಬೋರ್ ಅನಿಸಿದರೂ ಕೇಳಿ, ಯಾಕಂದ್ರ ನಿಮ್ಮೂರಿನ ವಾಡೆ ಯಾಕೆ ಬಿದ್ದೈತಿ ಅನ್ನೋದಕ್ಕೆ ಉತ್ತರ ಇದರೊಳಗೆ ಇದೆ.

1948ರಲ್ಲಿ ಜಮಖಂಡಿ, ಮಿರಜ್, ಸವಣೂರು ಎಲ್ಲಾ ಮುಂಬೈ ರಾಜ್ಯಕ್ಕೆ ಸೇರಿದವು. ಅದೇ ವರ್ಷ ಮುಂಬೈ ಸರ್ಕಾರ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ತಂದಿತು. 1950ರಲ್ಲಿ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ ಬಂತು. 1974ರಲ್ಲಿ ಕರ್ನಾಟಕದ ಭೂಸುಧಾರಣೆ "ಉಳುವವನೇ ಹೊಲದೊಡೆಯ" ಅಂತ ಜಾರಿಗೆ ಬಂತು. ಇವೆಲ್ಲ ಆಗಲೇಬೇಕಾದ ಕೆಲಸ. ಯಾರ ಅಜ್ಜ ಗೇಣಿ ಹೊಲ ಮಾಡುತ್ತಿದ್ದರೋ ಅವರ ಮೊಮ್ಮಕ್ಕಳು ಇವತ್ತು ಈ ಎಪಿಸೋಡ್ ಕೇಳುತ್ತಿರಬಹುದು, ಸ್ವಂತ ಹೊಲದ ಬದುವಿನ ಮೇಲೆ ಕೂತು.

ಆದರೆ ಬ್ಯಾಲೆನ್ಸ್ ಶೀಟ್ ದೃಷ್ಟಿಯಿಂದ ವಾಡೆ ನೋಡಿ. ಆದಾಯದ ಕಡೆ ಸೊನ್ನೆ. ಖರ್ಚಿನ ಕಡೆ ಮಾಳಿಗೆಯ ಮಣ್ಣು, ಗೆದ್ದಲು ಹತ್ತಿದ ತೊಲೆ, ಮಳೆಗಾಲಕ್ಕೊಮ್ಮೆ ಕುಸಿಯುವ ಗೋಡೆ. ವಾರಸುದಾರರು ಹತ್ತು ಜನ, ಅವರಲ್ಲಿ ಎಂಟು ಜನ ಪುಣೆ, ಬೆಂಗಳೂರು, ಅಮೆರಿಕಾದಲ್ಲಿ. ಕೊನೆಗೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಕೆತ್ತನೆಯ ಕಂಬ, ಬಾಗಿಲ ಚೌಕಟ್ಟು ಯಾವುದೋ ರೆಸಾರ್ಟಿಗೆ ಅಲಂಕಾರಕ್ಕೆ ಹೋಗುತ್ತದೆ. ಜಾಗ ಸೈಟ್ ಆಗುತ್ತದೆ. ಕಡತಗಳು ಮೋಡಿ ಲಿಪಿಯಲ್ಲಿದ್ದರೆ ಓದುವವರಿಲ್ಲ, ರದ್ದಿಗೆ ಹೋಗುತ್ತವೆ. ಆ ಕಡತದಲ್ಲಿ ನಿಮ್ಮ ಮುತ್ತಜ್ಜನ ಹೆಸರು, ಹೊಲ, ಬೆಳೆ ಇದ್ದಿರಬಹುದು.

ಅದಕ್ಕೆ ನನಗೆ ಕುಂದಗೋಳದ ವಾಡೆ ಮುಖ್ಯ ಅನಿಸೋದು. ದೊರೆಯ ಮನೆ ಅಂತ ಅದು ಉಳಿದಿಲ್ಲ. ವರ್ಷಕ್ಕೊಂದು ರಾತ್ರಿಯಾದರೂ ಊರಿನವರೂ ಹೊರಗಿನವರೂ ಬಂದು ಅಲ್ಲಿ ಕೂರುತ್ತಾರೆ. ಹಾಗೆ ಕೂರಲು ಬಾಗಿಲು ತೆರೆದವರಿದ್ದಾರೆ. ಅದಕ್ಕೇ ಉಳಿದಿದೆ.

ಲಕ್ಷ್ಮೇಶ್ವರದ ದಾರಿ

ಕುಂದಗೋಳ ಬಿಟ್ಟು ಸಂಶಿ, ಗುಡಗೇರಿ ಕಡೆ ಕಾರು. ಗುಡಗೇರಿಯಲ್ಲಿ 1076ನೇ ಇಸವಿಯ ಒಂದು ಜೈನ ಶಾಸನ ಸಿಕ್ಕಿದೆ. ಈ ಸುತ್ತಿನಲ್ಲೇ ಕಳಸ, ಶಿಶುನಾಳ. ಕಳಸದ ಗೋವಿಂದ ಭಟ್ಟರು ಗುರು, ಶಿಶುನಾಳದ ಶರೀಫರು ಶಿಷ್ಯ. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿದ್ದು 1889ರಲ್ಲಿ. ಪೇಶ್ವೆ ಬಿದ್ದು ಈ ಚೂರುಚೂರು ನಕ್ಷೆ ಗಟ್ಟಿಯಾದ ಹೊತ್ತಿಗೇ ಹುಟ್ಟಿದವರು. ಒಬ್ಬ ಬ್ರಾಹ್ಮಣ ಗುರು, ಒಬ್ಬ ಮುಸ್ಲಿಂ ಶಿಷ್ಯ, ಇಬ್ಬರೂ ಊರೂರು ಅಲೆದರು. ಎಲ್ಲಿ ಯಾವ ದೊರೆಯ ಗಡಿ ಮುಗಿಯಿತು ಅಂತ ಅವರ ಪದಗಳು ಕೇಳಲಿಲ್ಲ. ಖಾನ್ ಸಾಹೇಬರ ಕುಂದಗೋಳಕ್ಕೂ ಮೊದಲೇ ಈ ನೆಲಕ್ಕೆ ಅದು ರೂಢಿಯಾಗಿತ್ತು ಅಂತ ನನಗೆ ಅನಿಸುತ್ತದೆ.

ಲಕ್ಷ್ಮೇಶ್ವರ ಈಗ ಗದಗ ಜಿಲ್ಲೆ. ಹಳೇ ಹೆಸರು ಪುಲಿಗೆರೆ. ಆದಿಕವಿ ಪಂಪ 941ರ ಸುಮಾರಿಗೆ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಅಂತ ಹೇಳಿಕೊಂಡ ಊರು. ಅಂದರೆ ಒಳ್ಳೆಯ ಕನ್ನಡ ಎಲ್ಲಿದೆ ಅಂತ ಕೇಳಿದರೆ ಸಾವಿರ ವರ್ಷದ ಹಿಂದೆ ಈ ಊರ ಕಡೆ ಬೆರಳು ತೋರಿಸುತ್ತಿದ್ದರು. ಧಾರವಾಡ ಕಡೆಯ ಮಾತು ಒರಟು ಅಂತ ಯಾರಾದರೂ ಅಂದರೆ ಇಷ್ಟು ಹೇಳಿ ಸುಮ್ಮನಾಗಿ.

ಇಲ್ಲಿ ಸೋಮೇಶ್ವರ ಗುಡಿ ಇದೆ, ಶಂಖ ಬಸದಿ ಇದೆ, 1617ರಲ್ಲಿ ಬಿಜಾಪುರದವರ ಕಾಲದಲ್ಲಿ ಅಂಕುಶ್ ಖಾನ್ ಕಟ್ಟಿಸಿದ ಜುಮ್ಮಾ ಮಸೀದಿ ಇದೆ. ದೂರದ ಮಿರಜ್ ದೊರೆಗಳು ನೂರಕ್ಕೂ ಹೆಚ್ಚು ವರ್ಷ ಇಲ್ಲಿನ ಕಂದಾಯ ತಿಂದರು. ಅವರು ಕಟ್ಟಿದ್ದು ಇದು ಅಂತ ಊರವರು ಕೈಹಿಡಿದು ತೋರಿಸುವಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಸೋಮೇಶ್ವರನ ಗುಡಿಯ ಆವರಣದಲ್ಲಿ ಒಬ್ಬ ಅಜ್ಜ ಕೂತಿದ್ದರು. "ಅಜ್ಜಾರ, ಇಲ್ಲಿ ಮೊದಲ ಯಾರ ರಾಜ್ಯ ಇತ್ತರಿ?" ಅಂತ ಕೇಳಿದೆ. "ಎಲ್ಲಾರದೂ ಇತ್ತಪಾ. ಈಗ ಯಾರೂ ಇಲ್ಲ. ಸೋಮೇಶ್ವರ ಅದಾನ" ಅಂದರು.

ಸವಣೂರಿನ ಮೂರು ಮರ

ಲಕ್ಷ್ಮೇಶ್ವರದಿಂದ ಸವಣೂರಿಗೆ ಒಂದು ತಾಸೂ ಬೇಡ. ಒಂದು ಕಾಲಕ್ಕೆ ಹುಬ್ಬಳ್ಳಿವರೆಗೂ ಹಬ್ಬಿದ್ದ ರಾಜ್ಯ ಕೊನೆಗೆ ಸುಮಾರು 70 ಚದರ ಮೈಲಿಗೆ ಇಳಿದಿತ್ತು. ಹದಿಮೂರೂವರೆ ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಒಂದು ಚೌಕ ಅಂದುಕೊಳ್ಳಿ. ನಮ್ಮ ಹಳೇ ಆಲ್ಟೊದಲ್ಲಿ ಇಪ್ಪತ್ತು ನಿಮಿಷದ ರಾಜ್ಯ.

ನಡುವೆ ನಡೆದ ಕಥೆ ಸಿನಿಮಾದಂಥದ್ದು. ನವಾಬ ಅಬ್ದುಲ್ ಹಕೀಂ ಖಾನ್ ಹೈದರ್ ಅಲಿಯ ಜೊತೆ ಬೀಗತನ ಬೆಳೆಸಿದ. ಆದರೂ 1786ರಲ್ಲಿ ಹೈದರನ ಮಗ ಟಿಪ್ಪುವೇ ಬಂದು ಸವಣೂರು ಹಿಡಿದ. ನವಾಬ ಓಡಿಹೋಗಿ ಮರಾಠರ ಆಸರೆ ಪಡೆಯಬೇಕಾಯಿತು. ಮೂವತ್ತು ವರ್ಷದ ಹಿಂದೆ ಇದೇ ಸವಣೂರಿನ ಮೇಲೆ ಫಿರಂಗಿ ಹಾರಿಸಿದ ಮರಾಠರು! ದೊಡ್ಡವರಿಬ್ಬರ ನಡುವೆ ಸಿಕ್ಕ ಸಣ್ಣ ರಾಜ್ಯಕ್ಕೆ ಶಾಶ್ವತ ಮಿತ್ರನೂ ಇಲ್ಲ, ಶಾಶ್ವತ ಶತ್ರುವೂ ಇಲ್ಲ.

ನೂರು ವರ್ಷ ಹಳೆಯ ಗೆಝೆಟಿಯರ್ ಸವಣೂರಿಗೆ ಸುತ್ತ ಕಂದಕ, ಎಂಟು ಬಾಗಿಲು ಇತ್ತು, ಅದರಲ್ಲಿ ಮೂರು ಆಗಲೇ ಹಾಳಾಗಿತ್ತು ಅನ್ನುತ್ತದೆ. ಈಗ ಹೋದರೆ ನಿಮಗೆ ಮೊದಲು ಸಿಗೋದು ಎಲಿ ಮತ್ತು ಖಾರಾ. ಸವಣೂರಿನ ವೀಳ್ಯದೆಲೆ, ಸವಣೂರಿನ ಖಾರಾ, ಎರಡಕ್ಕೂ ಹೆಸರಿದೆ. ಕಾಕಾ ಒಂದು ಕಿಲೋ ಖಾರಾ ಕಟ್ಟಿಸಿಕೊಂಡರು, ಅರ್ಧ ದಾರಿಯಲ್ಲೇ ಖಾಲಿ. ಊರೊಳಗೆ ನವಾಬರ ಕಾಲದ ಕಟ್ಟಡಗಳ ಪಕ್ಕದಲ್ಲೇ ಮೊಬೈಲ್ ಅಂಗಡಿ. 1783ರಲ್ಲಿ ತೀರಿಕೊಂಡ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನ ಇದೇ ಊರಿನಲ್ಲಿದೆ, ನವಾಬರ ಆಳ್ವಿಕೆಯ ನಡುವೆ. ಜ್ಞಾನಪೀಠ ಪಡೆದ ವಿ.ಕೃ. ಗೋಕಾಕ್ ಅವರು 1909ರಲ್ಲಿ ಹುಟ್ಟಿದ್ದೂ ಇಲ್ಲೇ, ನವಾಬರ ಪ್ರಜೆಯಾಗಿ.

ಸವಣೂರಿನಲ್ಲಿ ನಾನು ಮುಖ್ಯವಾಗಿ ನೋಡೋಕೆ ಹೋಗಿದ್ದು ದೊಡ್ಡಹುಣಸೆ ಕಲ್ಮಠ. ಅಲ್ಲಿನ ಮೂರು ಮರಗಳಿಗೆ ದೊಡ್ಡ ಹುಣಸೆ ಅಂತ ಹೆಸರು, ಆದರೆ ಅವು ಹುಣಸೆ ಅಲ್ಲ. ಬಾವೊಬಾಬ್, ಆಫ್ರಿಕಾದ ಮರ. ಎಷ್ಟೋ ಶತಮಾನದ ಹಿಂದೆ ಯಾರೋ ಕಡಲು ದಾಟಿ ಬೀಜ ತಂದಿರಬೇಕು. ಆನೆಯ ಹೊಟ್ಟೆಯ ಹಾಗೆ ಕಾಂಡ. ಹತ್ತು ಜನ ಕೈ ಹಿಡಿದರೂ ತಬ್ಬೋದು ಕಷ್ಟ. ನವಾಬರ ಕೋಟೆ ಬಾಗಿಲು ಬಿದ್ದವು, ರಾಜ್ಯ ಹೋಯಿತು, 1971ರಲ್ಲಿ ಇಡೀ ದೇಶದ ರಾಜಧನವೂ ರದ್ದಾಯಿತು. ಈ ಮರಗಳು ಎಲ್ಲವನ್ನೂ ನೋಡಿಕೊಂಡು ನಿಂತಿದ್ದವು.

ನಿಂತಿದ್ದವು ಅಂದೆ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಇಷ್ಟು ದೊಡ್ಡ ಮರ ಬಿದ್ದರೆ ಸಾಮಾನ್ಯವಾಗಿ ಏನಾಗುತ್ತೆ? ಗರಗಸ, ಟ್ರ್ಯಾಕ್ಟರ್, ಮುಗೀತು. ಇಲ್ಲಿ ಹಾಗಾಗಲಿಲ್ಲ. ಅದನ್ನು ಎತ್ತಿ ಮತ್ತೆ ನೆಡುವ ಕೆಲಸ ನಡೆಯಿತು. ಮರದ ಹತ್ತಿರ ನಿಂತಿದ್ದ ಒಬ್ಬ ಹೆಣ್ಣುಮಗಳು ನನಗೆ ಹೇಳಿದರು: "ಮನ್ಯಾಗಿನ ಹಿರ್ಯಾರು ಬಿದ್ದ್ರ ಎಬ್ಬಸೂದಿಲ್ಲೇನ್ರಿ?"

ಬಂಕಾಪುರದ ಕೋಟೆಯೊಳಗಿನ ತೋಟ

ಸಂಜೆ ಹೊತ್ತಿಗೆ ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನಿಂದ ಬಂದ ಹೆಸರು ಇದು, 9ನೇ ಶತಮಾನದ್ದು. ಗುಣಭದ್ರರ ಉತ್ತರಪುರಾಣಕ್ಕೂ ಈ ಊರಿಗೂ ನಂಟಿದೆ. ಕೋಟೆಯ ಒಳಗೆ ನಗರೇಶ್ವರ ಗುಡಿ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ.

ಕೋಟೆಗಳೊಳಗೆ ತೋಟ ಅಂದರೆ ಹುಲ್ಲುಹಾಸು, ಕಾರಂಜಿ, ಸಾಲಾಗಿ ಹೂವು ಅಂದುಕೊಳ್ಳುತ್ತೇವೆ. ಬಂಕಾಪುರದ ಕೋಟೆಯೊಳಗೆ ಇರೋದು ಕಾಡುಗಿಡ, ಮೇವಿನ ಹುಲ್ಲು, ಹಾಳು ಗೋಡೆ, ಕಂದಕ. ಅದೇ ಜಾಗ ಕಿಲಾರಿ ದನಗಳ ಸಂವರ್ಧನಾ ಕೇಂದ್ರ. ದನಕ್ಕೆ ಅಂತ ಜಾಗ ಕಾಯ್ದಿಟ್ಟರು. ಕಾಯ್ದಿಟ್ಟದ್ದರಿಂದ ಗಿಡ ಬೆಳೆಯಿತು, ಗಿಡಕ್ಕೆ ನವಿಲು ಬಂತು. 2006ರಲ್ಲಿ ಈ 139 ಎಕರೆಯನ್ನು ನವಿಲುಧಾಮ ಅಂತ ಘೋಷಿಸಿದರು. ಸೇನೆಗೆ ಕಟ್ಟಿದ ಕೋಟೆ ಈಗ ನವಿಲಿಗೆ ಆಸರೆ. ಹೋಗುವವರು ಒಳಗೆ ಬಿಡುತ್ತಾರಾ ಅಂತ ಕೇಳಿಕೊಂಡೇ ಹೋಗಿ, ಗದ್ದಲ ಮಾಡಬೇಡಿ. ಅಕ್ಟೋಬರಿನಲ್ಲಿ ಗಂಡು ನವಿಲಿಗೆ ಉದ್ದ ಗರಿ ಇರೋದಿಲ್ಲ, ಮಳೆಗಾಲ ಮುಗಿಯೋದರೊಳಗೆ ಉದುರಿರುತ್ತವೆ. ರೀಲ್ಸ್ ಮಾಡೋಕೆ ಹೋದವರಿಗೆ ನಿರಾಸೆ. ಕೂಗು ಮಾತ್ರ ಕೋಟೆ ತುಂಬ.

ಈಗ ಲೆಕ್ಕ ಒಟ್ಟು ಮಾಡೋಣ. ದಿನವಿಡೀ ನಾನು ನೋಡಿದ್ದರಲ್ಲಿ ಚೆನ್ನಾಗಿ ಉಳಿದದ್ದು ಯಾವುದು? ಸಂಗೀತಕ್ಕೆ ಬಳಕೆಯಾಗುವ ಅಂಗಳ. ಪೂಜೆ, ನಮಾಜು ನಿಲ್ಲದ ಗುಡಿ, ಮಸೀದಿ. ಮಠದವರೂ ಊರವರೂ ಕಾಯ್ದ ಮರ. ದನ, ನವಿಲು ಇರುವ ಕೋಟೆ. ಯಾರಿಗೋ ದಿನನಿತ್ಯ ಬೇಕಾದದ್ದು ಉಳಿದಿದೆ. ದೊರೆಯೊಬ್ಬನಿಗೆ ಮಾತ್ರ ಬೇಕಾಗಿದ್ದದ್ದು ದೊರೆಯ ಜೊತೆಗೇ ಹೋಗಿದೆ. ಪುರಾತತ್ವ ಇಲಾಖೆ ಬೋರ್ಡ್ ಹಾಕಿ ಬೀಗ ಜಡಿದರೆ ಕಲ್ಲು ಉಳಿಯಬಹುದು, ಅದೂ ಬೇಕು. ಆದರೆ ಮಣ್ಣು, ಕಟ್ಟಿಗೆಯ ವಾಡೆ ಬೀಗ ಹಾಕಿದರೆ ಐದು ಮಳೆಗಾಲ ತಡೆಯೋದಿಲ್ಲ. ಅದಕ್ಕೆ ಒಳಗೆ ಜನ ಬೇಕು. ಒಂದು ವಾಚನಾಲಯ, ಒಂದು ಸಂಗೀತ ಕ್ಲಾಸು, ಒಂದು ಮದುವೆ, ಮಹಿಳಾ ಸಂಘದ ರೊಟ್ಟಿ ಕೇಂದ್ರ, ಏನಾದರೂ ಸರಿ.

ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಬಹಳ ಮಂದಿ ನವಲಗುಂದ, ಅಣ್ಣಿಗೇರಿ, ಕಲಘಟಗಿ, ಕುಂದಗೋಳ ಕಡೆಯವರೇ. ನಿಮ್ಮೂರಲ್ಲೂ ಒಂದು ವಾಡೆ ಇರುತ್ತದೆ, ಅಥವಾ ಇತ್ತು. ಈ ವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ, ಫೋನಿನಲ್ಲೇ ರೆಕಾರ್ಡ್ ಮಾಡಿ. ಒಂದು, ನಮ್ಮೂರು ಮೊದಲು ಯಾವ ದೊರೆಗೆ ಕಂದಾಯ ಕಟ್ಟುತ್ತಿತ್ತು? ಎರಡು, ಆ ವಾಡೆಯ ಒಳಗೆ ನಮ್ಮ ಮನೆಯವರು ಹೋಗುತ್ತಿದ್ದರಾ, ಹೋದರೆ ಎಲ್ಲಿಯವರೆಗೆ? ಮೂರು, ಅಲ್ಲಿನ ಹಳೇ ಕಾಗದ ಪತ್ರ ಈಗ ಯಾರ ಹತ್ತಿರ ಇವೆ? ಎರಡನೇ ಪ್ರಶ್ನೆ ಕೇಳುವಾಗ ಕೆಲವು ಮನೆಯಲ್ಲಿ ಮೌನ ಆಗಬಹುದು. ಆಗ ಅವಸರ ಮಾಡಬೇಡಿ, ಕಾಯಿರಿ. ನಮ್ಮ ಇತಿಹಾಸದ ಪುಸ್ತಕದಲ್ಲಿ ಇಲ್ಲದ ಭಾಗ ಆ ಮೌನ ಆದಮೇಲೇ ಶುರುವಾಗೋದು.

ನಿಮಗೆ ಸಿಕ್ಕ ಉತ್ತರವನ್ನು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಒಂದಿಷ್ಟು ಕೇಳಿಸೋಣ. ಅಲ್ಲಿತನಕ, ಬರ್ತೀನ್ರಿ. ನಮಸ್ಕಾರ.